ನೀಲಿ ಗಾಜು

ಮುಳಬಾಗಿಲಿನ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡುತ್ತಿದ್ದವರು ಕನ್ನಡಕವನ್ನು ಹಣೆಗೇರಿಸಿ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದರೆ ಬೇಗ ತಲೆ ಎತ್ತುತ್ತಿರಲಿಲ್ಲ. ಬಾಗಿಲಲ್ಲಿ ಯಾರಾದರೂ ಚಡಪಡಿಸಿದರೆ ಒಂದೇ ಮಾತು: “ಟಿಬಿ ಹುಳಕ್ಕೇ ಅವಸರ ಇಲ್ಲ, ನಿಮಗ್ಯಾಕಮ್ಮ?”

ನರಸಾಪುರದ ಕಾರ್ಖಾನೆಗೆ ಹೋಗುತ್ತಿದ್ದ ನಮ್ಮ ಯಜಮಾನರಿಗೆ ಟಿಬಿ ಬಂದಿತ್ತು. ಆರು ತಿಂಗಳ ಮಾತ್ರೆ. ಎರಡನೇ ತಿಂಗಳಿಗೆ ಕೆಮ್ಮು ನಿಂತಿತು, ಇವರು ಮಾತ್ರೆಯನ್ನೂ ನಿಲ್ಲಿಸಿದರು. ರಾಗಿ ಡಬ್ಬಿಯಲ್ಲಿ ಬಚ್ಚಿಟ್ಟ ನಾಲ್ಕು ದಿನದ ಮಾತ್ರೆ ನನ್ನ ಕೈಗೆ ಸಿಕ್ಕಿತು. ನಡುವೆ ಬಿಟ್ಟರೆ ರೋಗ ಆ ಮಾತ್ರೆಗೂ ಬಗ್ಗದಂತಾಗಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಇವರನ್ನು ನೇರ ಪರೀಕ್ಷೆಯ ಕೋಣೆಗೇ ಎಳೆದುಕೊಂಡು ಹೋದೆ.

ಪರೀಕ್ಷೆಯವರು ಬೈಯಲಿಲ್ಲ. ಮೊದಲ ದಿನ ಇವರ ಕಫ ಸವರಿ ಎತ್ತಿಟ್ಟಿದ್ದ ಗಾಜನ್ನು ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟರು.

“ಬಾರಬ್ಬಾ, ನಿನ್ನ ನೆಂಟರನ್ನ ನೋಡು.”

ನೀಲಿಯ ನಡುವೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು.

“ಕೆಂಪು ಬಣ್ಣ ಹಾಕಿ ಬಿಸಿ ಮಾಡ್ದೆ. ಆಸಿಡ್‌ನಲ್ಲಿ ತೊಳೆದ್ರೆ ಬೇರೆ ಹುಳಗಳು ಬಣ್ಣ ಬಿಟ್ಬಿಡ್ತವೆ, ಆಮೇಲೆ ಹಾಕೋ ನೀಲಿ ಹಿಡ್ಕೊಂತವೆ. ಇವು ಬಿಡಲ್ಲ, ಮೈಮೇಲೆ ಮೇಣ ಐತೆ.”

“ಕೆಮ್ಮು ಹೋಯ್ತಲ್ಲ ಸಾರ್?”

“ಕೆಮ್ಮು ಹೋಯ್ತು, ನೆಂಟರು ಹೋಗ್ಲಿಲ್ಲ. ಒಳಗೇ ಮಲಗವ್ರೆ.”

ಯಜಮಾನರು ಡಾಕ್ಟರನ್ನು ಕಂಡು ಅಂದೇ ಮಾತ್ರೆ ಮತ್ತೆ ಶುರು ಮಾಡಿದರು.

ಚಿಕಿತ್ಸೆ ಮುಗಿದ ದಿನ ಆ ಪರೀಕ್ಷೆಯವರು ನನ್ನನ್ನೇ ಕರೆದು ಹೊಸ ಗಾಜು ತೋರಿಸಿದರು.

“ಬರೀ ನೀಲಿ ಸಾರ್, ಏನೂ ಕಾಣ್ತಿಲ್ಲ.”

“ಅದನ್ನೇ ನೋಡಮ್ಮ. ಅವಸರ ಇಲ್ಲ.”

ನೋಡುತ್ತಲೇ ಇದ್ದೆ. ಹಿಂದೆ ಕಾಯುತ್ತಿದ್ದವರು ಗೊಣಗಿದರೂ ಅವರು ನನ್ನನ್ನು ಎಬ್ಬಿಸಲಿಲ್ಲ.