ಜಗಲಿ ಏರಿದ ಜೀಪು

ನಮ್ಮ ಮನೆಯ ಅಳಿಯನ ಹತ್ತಿರ ಹನ್ನೊಂದು ಕಾರುಗಳಿವೆ. ಟಿಕೋಟಾದ ಚಹಾದಂಗಡಿಯಲ್ಲಿ ಇಷ್ಟು ಹೇಳಿದರೆ ಕೂತವರು ಸರಿದು ಜಾಗ ಕೊಡುತ್ತಾರೆ. ಹನ್ನೊಂದೂ ಒಂದೇ ಕಪಾಟಿನಲ್ಲಿ ನಿಲ್ಲುತ್ತವೆ ಎಂದು ಸೇರಿಸಿದರೆ ಕೊಟ್ಟ ಜಾಗ ವಾಪಸು ತೆಗೆದುಕೊಳ್ಳುತ್ತಾರೆ. ಹಾಗಾಗಿ ನಾನು ಮೊದಲ ಮಾತಿಗೇ ನಿಲ್ಲಿಸಿ ಚಹಾ ಮುಗಿಸಿ ಏಳುತ್ತೇನೆ.

ಅಳಿಯನ ಹೆಸರು ಸಿದ್ದಲಿಂಗೇಶ, ನನ್ನ ತಂಗಿ ಶಾಂಭವಿಯ ಗಂಡ. ವಿಜಯಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ, ಜೋರಾಪುರ ಪೇಟೆಯಲ್ಲಿ ಬಾಡಿಗೆ ಮನೆ. ನಾನು ಶಾಂತಪ್ಪ. ಕಳ್ಳಕವಟಗಿಯಲ್ಲಿ ದ್ರಾಕ್ಷಿ ತೋಟ, ಟಿಕೋಟಾದಲ್ಲಿ ಡ್ರಿಪ್ ಪೈಪು ಮತ್ತು ಔಷಧ ಹೊಡೆಯುವ ಪಂಪಿನ ಬಿಡಿಭಾಗಗಳ ಅಂಗಡಿ. ಮನೆಯ ಮರ್ಯಾದೆ ಕಾಯುವ ಕೆಲಸವೂ ನನ್ನದೇ, ಅದಕ್ಕೆ ಯಾರೂ ನೇಮಕ ಮಾಡದಿದ್ದರೂ.

ಸಿದ್ದಲಿಂಗೇಶನಿಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯುವ ಆಸೆಯೂ ಇಲ್ಲ. ಬೇರೆಯವರು ಓಡಿಸುವ ಕಾರಿನಲ್ಲಿ ಕೂತರೆ ಊರ ಹೊರಗಿನ ತೊರವಿ ಬರುವುದರೊಳಗೆ ಅವನಿಗೆ ವಾಂತಿ ಬರುತ್ತದೆ, ಬಸ್ಸಾದರೆ ಹೇಗೋ ತಡೆದುಕೊಳ್ಳುತ್ತಾನೆ. ಇಂಥವನು ರಾತ್ರಿ ಊಟವಾದ ಮೇಲೆ ಚಿಮಟ ಹಿಡಿದು ಕೂತು, ಅಸಲಿ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲಿನ ಕಾರು ಕಟ್ಟುತ್ತಾನೆ. ಬಾಗಿಲು ತೆರೆಯಬೇಕು, ಸ್ಟೇರಿಂಗ್ ತಿರುಗಬೇಕು, ಬಾನೆಟ್ ಎತ್ತಿದರೆ ಒಳಗೆ ರೇಡಿಯೇಟರಿನ ಪೈಪು ಕಾಣಬೇಕು. ಬಣ್ಣ ಹೊಡೆದ ಮೇಲೆ ಧೂಳು ಕೂರಬಾರದೆಂದು ಶಾಂಭವಿಯ ರೊಟ್ಟಿ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕುತ್ತಾನೆ. ವಿಜಯಪುರದ ಧೂಳಿಗೂ ಇವನಿಗೂ ನಡೆದಿರುವ ಯುದ್ಧದಲ್ಲಿ ರೊಟ್ಟಿಗಳು ಅನಾಥವಾಗಿವೆ. ತಂಗಿಯ ಉಗುರು ಬಣ್ಣ, ಕಿವಿಯೋಲೆಯ ಕೊಂಡಿ, ಗುಳಿಗೆಯ ಖಾಲಿ ಹಾಳೆ, ಕೊನೆಗೆ ಅವಳ ತಲೆಗೂದಲು, ಎಲ್ಲವೂ ಒಂದೊಂದಾಗಿ ವಾಹನೋದ್ಯಮಕ್ಕೆ ಸೇರಿಹೋಗಿವೆ.

"ಕೂದಲಾ ಯಾಕ ಬೇಕ್ರಿ ನಿಮಗ?" ಎಂದು ಅವಳು ಒಮ್ಮೆ ಕೇಳಿದಳಂತೆ.

"ನಂಬರ್ ಪ್ಲೇಟ್ ಬರೀಬೇಕಾಗೇತಿ," ಎಂದನಂತೆ ಇವನು, ಅದೇನು ದಿನಾ ಎಲ್ಲ ಮನೆಗಳಲ್ಲೂ ನಡೆಯುವ ಮಾತು ಎನ್ನುವ ಹಾಗೆ.

ಇದೆಲ್ಲ ನಗುವ ಮಾತು. ನಗಲಾರದ ಮಾತು ಒಂದಿದೆ, ಅದು ನಮ್ಮವ್ವ ಮುರಿಗೆವ್ವನದು.

ನಮ್ಮಪ್ಪ ಬಸಗೊಂಡಪ್ಪನ ಹತ್ತಿರ ಒಂದು ಜೀಪಿತ್ತು. ಹಸಿರು ಬಣ್ಣ, ಹಣೆಯ ಮೇಲೆ 'ಶ್ರೀ ಸಿದ್ಧೇಶ್ವರ ಪ್ರಸನ್ನ' ಎಂಬ ಅಕ್ಷರ. ಪ್ರಸನ್ನತೆ ಅಕ್ಷರದಲ್ಲಷ್ಟೇ ಇತ್ತು, ಏಕೆಂದರೆ ಆ ಗಾಡಿ ವಿಜಯಪುರಕ್ಕೆ ಹೊರಟರೆ ಟಿಕೋಟಾ ದಾಟುವುದರಲ್ಲಿ ಒಮ್ಮೆಯಾದರೂ ಮುನಿಸಿಕೊಂಡು ನಿಲ್ಲುತ್ತಿತ್ತು. ಅಪ್ಪ ಇಳಿದು ಬಾನೆಟ್ ಎತ್ತುತ್ತಿದ್ದ. ಅವ್ವ ಮುಂದಿನ ಸೀಟಿನಿಂದ ಇಳಿಯುತ್ತಿರಲಿಲ್ಲ. ಊರಿನವರು ತನ್ನನ್ನು ಮುಂದಿನ ಸೀಟಿನಲ್ಲೇ ನೋಡಬೇಕು ಎಂಬುದು ಅವಳ ಹಟವಾಗಿತ್ತು. ಅಪ್ಪ ತೀರಿಕೊಂಡ. ಮರುವರ್ಷ ಶಾಂಭವಿಯ ಲಗ್ನಕ್ಕೆಂದು ಆ ಜೀಪನ್ನು ಬಬಲೇಶ್ವರದ ಒಬ್ಬರಿಗೆ ಮಾರಿದೆವು. ಲಗ್ನದ ಮರುದಿನ ಹೊಸ ಅಳಿಯ ಕಾರಿನಲ್ಲಿ ಹೊನವಾಡದ ತನಕ ಹೋಗಿ, ಅಲ್ಲಿ ಇಳಿದು ಬೇಲಿಗೆ ಮುಖ ಮಾಡಿ ವಾಂತಿ ಮಾಡಿದ.

"ಗಾಡಿ ಹೋತು, ಗಾಡ್ಯಾಗ ಕುಂದ್ರಾಕ ಬರಲಾರದ ಅಳಿಯಾ ಬಂದಾ," ಎಂದಳು ಅವ್ವ.

ಅಂದು ಅಂದದ್ದನ್ನು ಅವಳು ಅಂದಿಗೇ ಬಿಡಲಿಲ್ಲ. ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿದಳು. ಅಳಿಯನ ಎದುರು ಮಾತ್ರ 'ಬರ್ರಿ, ಕುಂದರ್ರಿ, ಉಣ್ರಿ' ಎಂಬ ಮೂರು ಮಾತಿನಲ್ಲಿ ಸಂಬಂಧ ಮುಗಿಸುತ್ತಿದ್ದಳು. ಮೊದಲ ಪಂಚಮಿಗೆ ಅವನು ತಾನು ಕಟ್ಟಿದ ಒಂದು ಕೆಂಪು ಕಾರನ್ನು ಅತ್ತೆಗೆಂದು ತಂದುಕೊಟ್ಟ. ಅವ್ವ ಅದನ್ನು ನೋಡಿದಂತೆ ಮಾಡಿ, ಎದುರು ಮನೆಯ ಗುರುಬಾಯಿಯ ಮೊಮ್ಮಗನ ಕೈಗೆ ಕೊಟ್ಟಳು. ಸಂಜೆಗೆ ಕಾರಿನ ಗಾಲಿಗಳು ಹಬ್ಬಕ್ಕೆ ತಂದ ಹುತ್ತದ ಮಣ್ಣಿನಲ್ಲಿದ್ದವು. ಸಿದ್ದಲಿಂಗೇಶ ಅವನ್ನು ಆರಿಸಿ ಜೇಬಿಗೆ ಹಾಕಿಕೊಂಡು ಉಂಡಿ ತಿಂದ. ಅವನಿಗೆ ನೋವಾಗಿತ್ತು. ಆದರೆ ಅವನು ನೋವನ್ನೂ ಇಪ್ಪತ್ತನಾಲ್ಕನೇ ಒಂದು ಪಾಲು ಮಾಡಿಯೇ ತೋರಿಸುವ ಮನುಷ್ಯ.

ಹತ್ತು ವರ್ಷ ಕಳೆದ ಮೇಲೆ ಅವನು ನಮ್ಮ ಜೀಪನ್ನೇ ಕಟ್ಟುತ್ತೇನೆಂದ. ಬೇರೆ ಕಾರುಗಳಿಗೆ ಡಬ್ಬಿಯಲ್ಲಿ ತುಂಡುಗಳು ಸಿಗುತ್ತವೆ, ಜೋಡಿಸಿದರಾಯಿತು. ಬಸಗೊಂಡಪ್ಪನ ಜೀಪಿನ ಡಬ್ಬಿಯನ್ನು ಜಗತ್ತಿನ ಯಾವ ಕಂಪನಿಯೂ ಅದೇಕೋ ಮಾಡಿರಲಿಲ್ಲ. ಹಾಗಾಗಿ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಕೈಯಿಂದಲೇ ಮಾಡಬೇಕು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು. ದ್ರಾಕ್ಷಿಗೆ ಔಷಧ ಹೊಡೆಯುತ್ತಿರುವಾಗ ಫೋನ್ ಬರುತ್ತಿತ್ತು.

"ಅಣ್ಣಾರ, ಡೀಸೆಲ್ ಟ್ಯಾಂಕಿನ ಮುಚ್ಚಳಾ ಯಾವ ಕಡಿ ಇತ್ರಿ?"

"ಸಾಹೇಬ್ರ, ನಂಗ ಇಲ್ಲಿ ದ್ರಾಕ್ಷಿಗೆ ರೋಗ ಬಂದೈತಿ."

"ಹೌದೇನ್ರಿ? ಎಡಕಿತ್ತೋ ಬಲಕಿತ್ತೋ ಅಷ್ಟ ಹೇಳ್ರಿ."

ಟೈರಿಗೆಂದು ನನ್ನ ಅಂಗಡಿಯ ರಬ್ಬರ್ ವಾಶರುಗಳನ್ನೆಲ್ಲ ಎಷ್ಟು ಮೆದು ಎಂದು ಗಲ್ಲಕ್ಕೆ ಒತ್ತಿ ಒತ್ತಿ ನೋಡಿದ. ಪಂಪಿನ ವಾಶರನ್ನು ಗಲ್ಲದಿಂದ ಪರೀಕ್ಷೆ ಮಾಡಿದ ಗಿರಾಕಿಯನ್ನು ಟಿಕೋಟಾ ಅಂದೇ ಮೊದಲು ಕಂಡಿತು. ಆಮೇಲೆ ಬಣ್ಣದ ಚಿಂತೆ ಹತ್ತಿತು. ನಮ್ಮ ಹತ್ತಿರ ಇದ್ದದ್ದು ಅರ್ಧ ಜೀಪು ಕಾಣುವ ಒಂದು ಮಾಸಿದ ಫೋಟೋ. 'ಹಸರಂದ್ರ ಎಂಥಾ ಹಸರು' ಎಂದು ನನ್ನನ್ನು ಕೇಳಿದ. ಹಸಿರೆಂದರೆ ಹಸಿರು ಎಂದೆ. ನನ್ನ ಮೇಲಿನ ನಂಬಿಕೆ ಅವನಿಗೆ ಅಂದೇ ಹೋಯಿತು.

ಒಂದು ರವಿವಾರ ಬಸ್ ಹತ್ತಿ ಬಬಲೇಶ್ವರಕ್ಕೆ ಹೋದ. ಜೀಪು ಗುಜರಿಯಾಗಿ ಎಷ್ಟೋ ವರ್ಷವಾಗಿತ್ತು. ಬಾನೆಟ್ ಮಾತ್ರ ಉಳಿದು, ಕೊಂಡವರ ಹಿತ್ತಲಿನಲ್ಲಿ ನೀರಿನ ತೊಟ್ಟಿಯ ಮುಚ್ಚಳವಾಗಿತ್ತು. ಇವನು ಟೇಪು ಹಿಡಿದು ತೊಟ್ಟಿಯ ಸುತ್ತ ಅಳೆಯತೊಡಗಿದ್ದನ್ನು ನೋಡಿ ಮನೆಯವರಿಗೆ ಗಾಬರಿಯಾಯಿತು. ಸರಕಾರಿ ನೌಕರನ ಇಸ್ತ್ರಿ ಪ್ಯಾಂಟು, ಬಗಲಲ್ಲಿ ಬ್ಯಾಗು. ರಸ್ತೆ ಅಗಲ ಮಾಡಲು ತೊಟ್ಟಿ ಒಡೆಯಲು ಬಂದಿದ್ದಾರೆ ಎಂದುಕೊಂಡು ಅವರು ಚಹಾ, ಚೂಡಾ, ಮೇಲೊಂದು ಬುಟ್ಟಿ ಲಿಂಬೆಹಣ್ಣು ಕೊಟ್ಟರು. ಸಿದ್ದಲಿಂಗೇಶ ಅದನ್ನು ಬಬಲೇಶ್ವರದವರ ಒಳ್ಳೆಯತನ ಎಂದು ಇಂದಿಗೂ ತಿಳಿದಿದ್ದಾನೆ. ಬಾನೆಟ್ಟಿನ ಅಂಚಿನಿಂದ ಉಗುರಿನಷ್ಟು ಬಣ್ಣ ಕೆರೆದು ಕಾಗದದಲ್ಲಿ ಕಟ್ಟಿಕೊಂಡು ಬಂದ.

ಎರಡು ಮಳೆಗಾಲ ಕಳೆದ ಮೇಲೆ ಜೀಪು ಸಿದ್ಧವಾಯಿತು. ಪುಣೆಯಲ್ಲಿ ಇಂಥ ಹುಚ್ಚರದೇ ಒಂದು ದೊಡ್ಡ ಪ್ರದರ್ಶನ ನಡೆಯುತ್ತದಂತೆ. ಇವನ ಜೀಪು ಅದಕ್ಕೆ ಆಯ್ಕೆಯಾಗಿತ್ತು, ದಸರೆ ಮುಗಿದ ಕೂಡಲೇ ಒಯ್ಯಬೇಕಿತ್ತು. ಜೋರಾಪುರ ಪೇಟೆಗೆ ಹೋದಾಗ ನನಗೆ ತೋರಿಸಿದ. ಸುಳ್ಳು ಹೇಳಲಾರೆ, ನಾನು ಬಗ್ಗಿ ಸ್ಟೇರಿಂಗ್ ಮುಟ್ಟಿ ನೋಡಿದೆ. ನಮ್ಮಪ್ಪ ಈಗ ಬಾಗಿಲು ತೆರೆದು ಇಳಿದು ಬೈಯುತ್ತಾನೆ ಅನಿಸಿತು. ಆದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲವಲ್ಲ, ಒಂದು ತಪ್ಪು ಹುಡುಕಿದೆ.

"ಸಾಹೇಬ್ರ, ಮುಂದಿನ ಎಡಗಡಿ ಸೀಟ ತಗ್ಗಾಗೈತಿ. ಪುಣೇದವ್ರು ಮಾರ್ಕ್ಸ್ ಕಟ್ ಮಾಡ್ತಾರ."

"ಇರ್ಲಿ ಬಿಡ್ರಿ," ಎಂದ. ಆಮೇಲೆ ಜೀಪಿನ ಮೇಲೆ ರೊಟ್ಟಿ ಬುಟ್ಟಿ ಮುಚ್ಚುತ್ತ, "ಅಣ್ಣಾರ, ಪುಣೇದವ್ರು ಏನರ ಅನ್ಲಿ. ಅತ್ತಿ ಇದನ್ನ ನೋಡಿ ಒಮ್ಮಿ, ನಮ್ಮ ಗಾಡಿ, ಅಂದ್ರ ನಂಗ ಸಾಕ್ರಿ," ಎಂದ.

"ಹಂಗಾರ ಪುಣೇದ ಬಹುಮಾನನ ಸಸಾರ ಐತಿ," ಎಂದೆ ನಾನು.

ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಗಂಡ ಹೆಂಡತಿ ಬಸ್ಸಿನಲ್ಲಿ ಕಳ್ಳಕವಟಗಿಗೆ ಬಂದರು. ಹಬ್ಬದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಇವನು ರಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೇಲೆ ಬಗ್ಗಿ ಕೂತಿದ್ದನಂತೆ. ಕಂಡಕ್ಟರ್ 'ಕೇಕ್ ಏನ್ರಿ ಸರ?' ಎಂದು ಕೇಳಿದರೆ, ಹೌದು ಎಂದನಂತೆ. ಜೀಪು ಎಂದಿದ್ದರೆ ಲಗೇಜಿನ ಟಿಕೀಟು ಹರಿಯುತ್ತಿದ್ದ ಎಂದು ಶಾಂಭವಿ ನಕ್ಕಳು. ಹಳೆಯ ಜೀಪು ನಿಲ್ಲುತ್ತಿದ್ದ ಅಂಗಳದಲ್ಲೇ ಫೋಟೋ ತೆಗೆಯಬೇಕೆಂಬುದು ಇವನ ನೆಪ. ಡಬ್ಬಿಯಿಂದ ಜೀಪು ತೆಗೆದು ಕಟ್ಟೆಯ ಮೇಲಿಟ್ಟ. ಅತ್ತೆ ನೋಡಲಿ ಎಂದು ಇಟ್ಟು, ಅತ್ತೆ ನೋಡಿದರೆ ಏನನ್ನುತ್ತಾಳೋ ಎಂಬ ಹೆದರಿಕೆಗೆ ಕಾಲು ತೊಳೆಯಲು ಹಿತ್ತಲಿಗೆ ಓಡಿದ.

ಅಂಗಳದಲ್ಲಿ ಟ್ರ್ಯಾಕ್ಟರು, ಔಷಧದ ಪಂಪು, ನನ್ನ ಮೋಟರ್‌ಸೈಕಲ್ಲು, ಕುಡಗೋಲು, ಕುರ್ಪಿ ಎಲ್ಲ ಮೈ ತೊಳೆದುಕೊಂಡು ಸಾಲಾಗಿ ನಿಂತಿದ್ದವು. ಅವ್ವ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಕಟ್ಟೆಯ ಹತ್ತಿರ ನಿಂತಳು. ತಟ್ಟೆ ಕೆಳಗಿಟ್ಟು ಚಾಳೀಸನ್ನು ಕಣ್ಣಿಗೆ ಏರಿಸಿದಳು. ಬಗ್ಗಿ ಒಳಗೆ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಗುರುಬಾಯಿಯ ಮೊಮ್ಮಗ ಈಗ ಕಾಲೇಜಿಗೆ ಹೋಗುತ್ತಾನೆ, ಈ ಸಲ ಕೊಡಲು ಯಾರೂ ಇಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅವ್ವ ಜೀಪನ್ನು ಎರಡೂ ಕೈಯಿಂದ ಎತ್ತಿ ಟ್ರ್ಯಾಕ್ಟರಿನ ಮುಂದೆ, ಸಾಲಿನ ಮೊದಲಿಗೆ ಇಟ್ಟಳು. ವಿಭೂತಿಯನ್ನು ನೀರಿನಲ್ಲಿ ಕಲಸಿ ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದಳು. ಕುಂಕುಮ ಹಚ್ಚಿದಳು. ಒಂದು ಚೆಂಡು ಹೂ ಇಟ್ಟಳು, ಬಾನೆಟ್ಟೇ ಕಾಣದಾಯಿತು. ಹೂ ತೆಗೆದು ಎರಡು ಎಸಳು ಇಟ್ಟಳು. ಹಿತ್ತಲಿನಿಂದ ಬಂದ ಸಿದ್ದಲಿಂಗೇಶ ಒದ್ದೆ ಕಾಲಿನಲ್ಲೇ ನಿಂತುಬಿಟ್ಟ. ಎರಡು ಮಳೆಗಾಲದ ಬಣ್ಣ ವಿಭೂತಿಯ ನೀರನ್ನು ಹೀರಿಕೊಳ್ಳುತ್ತಿತ್ತು.

"ಬೇ ಯವ್ವಾ, ಅದು ಪುಣೇಕ ಹೋಗೂದೈತಿ," ಎಂದೆ.

"ಅಷ್ಟ ದೂರ ಹೋಗೂ ಗಾಡಿನ ಪೂಜಿ ಇಲ್ಲದ ಕಳಸ್ತೀಯೇನೋ?" ಎಂದಳು ಅವ್ವ.

ಆಮೇಲೆ ಟ್ರ್ಯಾಕ್ಟರಿಗೆ ಇಟ್ಟಂತೆಯೇ ಜೀಪಿನ ಮುಂದಿನ ಗಾಲಿಗಳಿಗೂ ಲಿಂಬೆಹಣ್ಣು ಇಟ್ಟಳು. ಹಣ್ಣು ಗಾಲಿಗಿಂತ ದೊಡ್ಡದಿತ್ತು. ಸಣ್ಣದು ಹುಡುಕುತ್ತೇನೆಂದು ನಾನು ಗಿಡದ ಕಡೆ ಹೆಜ್ಜೆ ಹಾಕಿದರೆ, ಸುಮ್ಮನೆ ನಿಲ್ಲು ಎಂದು ಕಣ್ಣಲ್ಲೇ ಗದರಿದಳು. ಪೂಜೆಯಾದ ಗಾಡಿಯನ್ನು ಮನೆಯ ಗಂಡಸು ಹತ್ತಿ ಲಿಂಬೆಹಣ್ಣಿನ ಮೇಲೆ ಹಾಯಿಸಬೇಕು, ಅದು ಪದ್ಧತಿ. ಜೀಪನ್ನು ಅಪ್ಪನ ಹೊರತು ಯಾರೂ ಹಾಯಿಸಿದವರಲ್ಲ, ನನಗೂ ಅವಳು ಬಿಟ್ಟಿರಲಿಲ್ಲ.

"ಅಳ್ಯಾರ, ಬರ್ರಿ. ಗಾಡಿ ಹಾಯಸ್ರಿ," ಎಂದಳು.

ಶಾಂಭವಿ ಬಾಯಿಗೆ ಸೆರಗು ಒತ್ತಿಕೊಂಡಳು. ಮುಂದಿನ ಗಾಲಿಗಳ ಅಚ್ಚು ಪಿನ್ನಿನಷ್ಟು ತೆಳುವಾದದ್ದು ಎಂಬುದು ಅವಳಿಗೂ ಗೊತ್ತು, ಅವನಿಗಂತೂ ಗೊತ್ತೇ ಗೊತ್ತು. ಬೇಡ ಎನ್ನಬಹುದಿತ್ತು. ಗುಮಾಸ್ತನಿಗೆ ಆಗುವುದಿಲ್ಲ ಎನ್ನಲು ಯಾರೂ ಕಲಿಸಬೇಕಿಲ್ಲ, ಕಚೇರಿಯಲ್ಲಿ ದಿನವೂ ಅದನ್ನೇ ಅನ್ನುತ್ತಾನೆ. ಅವನು ಅತ್ತೆಯ ಮುಖ ನೋಡಿದ, ಜೀಪು ನೋಡಿದ, ಇಸ್ತ್ರಿಯ ಪ್ಯಾಂಟಿನಲ್ಲೇ ಅಂಗಳದ ಸಗಣಿ ನೆಲದ ಮೇಲೆ ಮೊಣಕಾಲೂರಿದ. ಎರಡು ಬೆರಳಿಟ್ಟು ಜೀಪನ್ನು ಮುಂದೆ ಒತ್ತಿದ.

ಟಕ್ ಎಂದಿತು. ಲಿಂಬೆಹಣ್ಣಿಗೆ ಗೀರೂ ಬೀಳಲಿಲ್ಲ. ಅವು ಉರುಳಿ ಕಟ್ಟೆಯ ಬುಡ ಸೇರಿದವು. ಜೀಪು ಮುಂದಿನ ಎರಡೂ ಗಾಲಿ ಚಾಚಿ ಮೂಗು ನೆಲಕ್ಕಿಟ್ಟು ಕೂತಿತು. ಅವ್ವ ಅದನ್ನೇ ನೋಡುತ್ತ ನಿಂತಳು, ಅವಳ ಭುಜ ಅಲುಗತೊಡಗಿತು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು.

"ಹಿಂಗ ನಿಂದರ್ತಿತ್ರಿ ಅಳ್ಯಾರ, ಟಿಕೋಟಾದಾಗ. ಹಿಂಗ," ಎಂದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವನ ಜೊತೆ ಅವಳು ನಕ್ಕದ್ದು ಅದೇ ಮೊದಲು.

ಅವನೂ ನಕ್ಕ, ಆದರೆ ಅರ್ಧ. ಏಕೆಂದರೆ ಅವನು ಕಾಯುತ್ತಿದ್ದ ಮಾತು ಅದಾಗಿರಲಿಲ್ಲ. ಅವ್ವ ಜೀಪನ್ನೆತ್ತಿ ಒಳಗೆ ಹೋಗಿ ದೇವರ ಜಗಲಿಯ ಮೇಲೆ, ಅಪ್ಪನ ಫೋಟೋದ ಮುಂದೆ ಇಟ್ಟಳು. ನಮ್ಮ ಮನೆಯಲ್ಲಿ ಜಗಲಿ ಏರಿದ್ದು ಇಳಿಯುವುದಿಲ್ಲ. ಅಚ್ಚನ್ನು ಅವನು ಒಂದು ಗಂಟೆಯಲ್ಲಿ ಸರಿಮಾಡಿಯಾನು, ಬಣ್ಣವನ್ನೂ ತಿದ್ದಿಯಾನು, ಜಗಲಿಯಿಂದ ಇಳಿಸುವ ಕಸುಬು ಮಾತ್ರ ಅವನಿಗೆ ತಿಳಿಯದು. ಪುಣೆಗೆ ಫೋನ್ ಮಾಡಿ, ಗಾಡಿ ಬರುವುದಿಲ್ಲ ಎಂದ. ಏಕೆ ಎಂದು ಅವರು ಕೇಳಿದರು. ಕೆಟ್ಟು ನಿಂತಿದೆ ಎಂದ.

ಮರುದಿನ ಸಂಜೆ ಬನ್ನಿ ಕೊಡಲು ಗುರುಬಾಯಿ ಬಂದಳು. ಜಗಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತ ಜೀಪನ್ನು ನೋಡಿ ಅವಳಿಗೆ ಬೆರಗಾಯಿತು.

"ಇದೇನ ಬೇ ಮುರಿಗೆವ್ವಾ, ಆಟಿಗಿ ಸಾಮಾನಾ ಜಗಲಿ ಮ್ಯಾಲ?"

"ಆಟಿಗಿ ಯಾಕಾದೀತ? ನಮ್ಮ ಗಾಡಿ," ಎಂದಳು ಅವ್ವ. "ಶಾಂಭವಿ ಲಗ್ನಕ್ಕ ಮಾರಿದ್ವೆಲ್ಲಾ, ಅದ. ಅಳಿಯಾ ತಿರುಗಿ ತಂದಾನ."

"ಯಾರ ಕುಂದರ್ತಾರ ಇದರಾಗ?" ಎಂದು ಗುರುಬಾಯಿ ನಕ್ಕಳು.

ಅವ್ವ ಕಿರುಬೆರಳಿನ ಉಗುರಿನಿಂದ ಜೀಪಿನ ಬಾಗಿಲು ತೆಗೆದಳು. "ಇಲ್ಲಿ ನೋಡ. ಮುಂದಿನ ಸೀಟ ಕುಸದೈತಿ. ನಾ ಕುಂತ ಕುಂತ ಕುಸದದ್ದು."

ಸಿದ್ದಲಿಂಗೇಶ ಅತ್ತೆಗೆ ಬನ್ನಿ ಕೊಟ್ಟು ಕಾಲಿಗೆ ಬೀಳಲು ಬಾಗಿಲಲ್ಲಿ ಬಂದು ನಿಂತಿದ್ದ. ಬನ್ನಿ ಎಲೆ ಅವನ ಕೈಯಲ್ಲೇ ಉಳಿಯಿತು.