ಸ್ಪ್ರಿಂಗಿಗೆ ಹಚ್ಚಿದ ಕುಂಕುಮ

ಲೋಕದಲ್ಲಿ ನಿಜಕ್ಕೂ ಶುಚಿಯಾದ ಲೋಹವೆಂಬುದಿಲ್ಲ. ಬೆಳಗಿ ಫಳಫಳ ಹೊಳೆಸಿದ ತಂಬಿಗೆಗೂ ಗಾಳಿ ಕಣ್ಣಿಗೆ ಕಾಣದ ಪೊರೆಯೊಂದನ್ನು ಹೊದಿಸಿಬಿಡುತ್ತದೆ. ಎರಡು ಲೋಹಗಳು ತಾಗಿದವೆಂದು ನಾವು ತಿಳಿದಾಗ ತಾಗಿರುವುದು ಬಹುಪಾಲು ಈ ಪೊರೆಗಳೇ. ಅದು ಕೆಲವೇ ಪರಮಾಣುಗಳಷ್ಟು ತೆಳುವಾಗಿದ್ದರೆ ಎಲೆಕ್ಟ್ರಾನು ಗೋಡೆಯನ್ನು ಒಡೆಯದೆ, ಹಾರದೆ, ಸುರಂಗದಲ್ಲಿ ನುಸುಳಿದಂತೆ ಆಚೆ ಸೇರುತ್ತದೆ. ಕೊಂಚ ದಪ್ಪವಾದರೂ ದಾರಿ ಮುಚ್ಚುತ್ತದೆ. ಎಂ.ಎಸ್ಸಿ.ಯಲ್ಲಿ ಓದಿದ್ದರಲ್ಲಿ ನೆನಪಿರುವುದು ಇಷ್ಟು. ಅದೂ ಓದಿದ್ದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಆಣೆ ಮಾಡಲಾರೆ.

ಮಹಾನವಮಿಗೆ ಗಜೇಂದ್ರಗಡದ ನಮ್ಮ ಮನೆಯಲ್ಲಿ ಖಂಡೆಪೂಜೆ, ಅಂದರೆ ಆಯುಧಪೂಜೆ. ಕುಡುಗೋಲು, ಕತ್ತರಿ, ಮಿಕ್ಸರುಗಳ ಸಾಲಿನಲ್ಲಿ ಹೆಂಡತಿಯ ತಾಯಿ, ನಮ್ಮ ಜೊತೆಗಿರುವ ಅತ್ತೆಯವರ ಉಬ್ಬಸದ ಮಷೀನೂ ಕೂತಿತ್ತು: ಔಷಧವನ್ನು ಮಂಜಾಗಿಸಿ ಮೂಗಿಗೆ ಕೊಡುವ, ಸೆಲ್ಲಿನ ಮೇಲೆ ನಡೆಯುವ ಪುಟ್ಟ ಯಂತ್ರ. ಹೆಂಡತಿ ಗಿರಿಜೆ ಎಲ್ಲಕ್ಕೂ, ಎಲ್ಲರಿಗೂ ಕುಂಕುಮ ಹಚ್ಚಿದ್ದು, ಯಾರನ್ನೂ ಬಿಡದಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು.

ಮರುದಿನ ಬೆಳಿಗ್ಗೆ ಅತ್ತೆಗೆ ಉಸಿರು ಸಿಕ್ಕಿಕೊಂಡಿತು. ಗುಂಡಿ ಒತ್ತಿದರೆ ಮಷೀನು ಮಿಸುಕಲಿಲ್ಲ. ಹೊಸ ಸೆಲ್ ಹಾಕಿದರೂ ಊಹೂಂ. ಅತ್ತೆಯ ತುಟಿ ನೀಲಿಗಟ್ಟುತ್ತಿತ್ತು. ಸೆಲ್ಲಿನ ಗೂಡಿನೊಳಗೆ ಬಗ್ಗಿ ನೋಡಿದರೆ ಸ್ಪ್ರಿಂಗಿನ ತುಂಬ, ತಗಡಿನ ತುಂಬ, ತುಪ್ಪದಲ್ಲಿ ಕಲಸಿದ ಕುಂಕುಮ!

"ಒಳಗ್ಯಾಕ ಹಚ್ಚಿದಿ?" ಎಂದು ಚೀರಿದೆ.

"ಶಕ್ತಿ ಒಳಗ ಇರತೈತಲ್ರಿ, ಮ್ಯಾಲ ಹಚ್ಚಿದ್ರ ಏನು ಬಂತು?" ಎಂದಳು ಗಿರಿಜೆ, ಅಳುತ್ತ.

"ಎಲೆಕ್ಟ್ರಾನು ಸುರಂಗದಾಗ ಹಾಯಬೇಕಂದ್ರ ಪೊರಿ ಭಾಳ ತೆಳ್ಳಗ..."

"ಸುರಂಗ ಆಮ್ಯಾಲ ತೋಡ್ರಿ! ಮದ್ಲ ಅವ್ವನ ಉಸರ ನೋಡ್ರಿ! ರೋಣದ ದವಾಖಾನಿಗೆ ಗಾಡಿ ಹೇಳ್ಲೇನು?"

ಟವೆಲ್ಲಿನ ತುದಿಯಿಂದ ಒರೆಸಿದೆ, ಉಗುರಿನಿಂದ ಕೆರೆದೆ. ಮಷೀನು ಗುಂಯ್ ಎಂದಿತು. ನಾವಿಬ್ಬರೂ ಉಸಿರಾಡಲು ಶುರುಮಾಡಿದ್ದು ಅತ್ತೆಯ ನಂತರವೇ.

ಬಹಳ ಹೊತ್ತಿನ ಮೇಲೆ ಅತ್ತೆ ಮೂಗಿನ ಬಟ್ಟಲನ್ನು ಕೆಳಗಿಳಿಸಿದರು. "ಆಕಿಗೆ ಬೈಬ್ಯಾಡ್ರಿ ಅಳಿಯಂದ್ರ. ನಾ ಬ್ಯಾರೇನ ಕೇಳ್ತೀನಿ. ಮಿಕ್ಸರಿಗೆ ಸೈತ ಹಚ್ಚಿದ್ರಿ. ನಿಮ್ಮ ಮಾವ ಹ್ವಾದಮ್ಯಾಲ ನನ್ನ ಹಣಿಗೆ ಯಾರೂ ಹಚ್ಚಿಲ್ಲ. ನಿನ್ನೀನೂ ಹಚ್ಚಲಿಲ್ಲ. ಸೆಲ್ಲಿಗಿಂತ ಕಡಿ ಆದ್ನೇನು ನಾನು?"

ಬೆಚ್ಚಿಬಿದ್ದೆ. ಯಾರನ್ನೂ ಬಿಡಲಿಲ್ಲವೆಂದು ನೆನಪಿಟ್ಟುಕೊಂಡವನು ನಾನೇ. ಅದೂ ನಿನ್ನೆಯ ನೆನಪು! ಆ ಬರಿಯ ಹಣೆಯನ್ನು ದಿನವೂ ನೋಡುತ್ತಿದ್ದೇನಲ್ಲ. ನನ್ನ ಕಣ್ಣಿಗೂ ಅದಕ್ಕೂ ನಡುವೆ ಎಂಥ ಪೊರೆ ಕಟ್ಟಿತ್ತು?

ಗಿರಿಜೆ ಎದ್ದು ಕುಂಕುಮದ ಭರಣಿ ತಂದಳು. ಅವಳ ಬೆರಳು ತಾಯಿಯ ಹಣೆಯ ಹತ್ತಿರ ಹೋಗಿ ನಿಂತಿತು. ನಡುವೆ ಉಳಿದದ್ದು ಕೂದಲೆಳೆಯಷ್ಟು ಜಾಗ.

"ಲಗೂ ಹಚ್ಚವಾ," ಎಂದರು ಅತ್ತೆ, ಕಣ್ಣು ಮುಚ್ಚಿ. "ಉಸರ ಹಿಡದ ಕುಂತೇನಿ."