ಬಿದ್ದವರೆಲ್ಲ ಹೇಳಿದ್ದು

ಸವಳಂಗದಲ್ಲಿ ತಿಪ್ಪೇಶಪ್ಪನ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಪೈಲಟ್ ಮನೆ ಎಂದರೆ ಸಾಕು, ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ಮಾರುವವಳು ಕೂಡ ಎದ್ದು ನಿಂತು ದಾರಿ ತೋರಿಸುತ್ತಿದ್ದಳು. ವಾಯುಸೇನೆಯಲ್ಲಿ ವರ್ಷಗಟ್ಟಲೆ ಇದ್ದು, ಎಪ್ಪತ್ತೊಂದರ ಯುದ್ಧವನ್ನೂ ಕಂಡು, ಎಪ್ಪತ್ತೊಂಬತ್ತರಲ್ಲಿ ಕಬ್ಬಿಣದ ಟ್ರಂಕಿನ ಸಮೇತ ಬಸ್ಸಿಳಿದ ಮನುಷ್ಯ ಅವನು. ಇಳಿದ ಗಳಿಗೆಗೇ ಯಾರೋ ‘ಪೈಲಟ್ ಬಂದ್ರು’ ಎಂದರು. ‘ನಾನು ಪೈಲಟ್ ಅಲ್ರಪ್ಪ’ ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಇನ್ಯಾರೋ ಕೊರಳಿಗೆ ಹಾರ ಹಾಕಿಬಿಟ್ಟರು. ಹಾರ ಹಾಕಿಸಿಕೊಂಡು ಅಲ್ಲ ಎನ್ನುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ಬರಲೇ ಇಲ್ಲ.

ನಿಜ ಹೇಳಬೇಕೆಂದರೆ ಅವನು ಒಂದು ದಿನವೂ ವಿಮಾನ ಓಡಿಸಿದವನಲ್ಲ. ಪೈಲಟ್ ಆಗಲು ಬಂದ ಹುಡುಗರನ್ನು ಮೊದಲು ಒಂದು ಮರದ ಡಬ್ಬಿಯಲ್ಲಿ ಕೂರಿಸಿ ಕಲಿಸುತ್ತಾರೆ. ಡಬ್ಬಿಯ ಕೆಳಗೆ ಕಮ್ಮಾರರು ಗಾಳಿ ಊದುವಂಥ ತಿದಿಗಳಿರುತ್ತವೆ, ಗಾಳಿ ತುಂಬಿದಂತೆ ಅದು ನೆಲ ಬಿಡದೆಯೇ ವಿಮಾನದ ಹಾಗೆ ಏಳುತ್ತದೆ, ವಾಲುತ್ತದೆ, ಮುಗ್ಗರಿಸುತ್ತದೆ. ಆ ಡಬ್ಬಿಯನ್ನು ನೋಡಿಕೊಳ್ಳುವ ಮೆಕ್ಯಾನಿಕ್ ನಮ್ಮ ತಿಪ್ಪೇಶಪ್ಪ. ಯುದ್ಧದ ದಿನಗಳಲ್ಲಿ ಅವನನ್ನು ನಿಜವಾದ ವಿಮಾನಗಳ ಹತ್ತಿರ ಕಳಿಸಿದರು. ಅಲ್ಲಿಯೂ ಕೆಳಗೇ ಇದ್ದ. ಹೋಗುವವರನ್ನು ಸೀಟಿಗೆ ಬಿಗಿದು ಕಟ್ಟಿ ಕಳಿಸುವುದು, ಬರುವವರೆಗೆ ಆಕಾಶ ನೋಡುತ್ತ ನಿಲ್ಲುವುದು. ಇದು ಹೆಂಡತಿ ಓಬವ್ವನಿಗೆ ಮಾತ್ರ ಗೊತ್ತಿತ್ತು. ಅವಳು ಹೊರಗೆ ಬಿಟ್ಟುಕೊಡುತ್ತಿರಲಿಲ್ಲ, ಒಳಗೆ ಸುಮ್ಮನಿರುತ್ತಲೂ ಇರಲಿಲ್ಲ.

ಎಂಬತ್ನಾಲ್ಕರ ಸುಮಾರಿಗೆ ಬಸ್ ಸ್ಟ್ಯಾಂಡಿನ ಸೈಕಲ್ ಶಾಪಿನ ಹಾಲಸ್ವಾಮಿ ದಾವಣಗೆರೆಗೆ ಹೋಗಿ ಬಂದ. ಅಲ್ಲಿ ಯಾವುದೋ ಪ್ರದರ್ಶನದಲ್ಲಿ ಗಾಜಿನ ಹಿಂದೆ ವಿಮಾನ ಓಡುವ ಪೆಟ್ಟಿಗೆಯನ್ನು ನೋಡಿದ್ದ. ಗುಂಡಿ ಒತ್ತಿದರೆ ವೈರಿ ಉರುಳುತ್ತಾನಂತೆ, ಆಡಿದವರೆಲ್ಲ ಗೆಲ್ಲುತ್ತಾರಂತೆ. ಹಾಲಸ್ವಾಮಿ ಕಣ್ಣರಳಿಸಿ ವರ್ಣಿಸಿದ್ದನ್ನು ಕೇಳಿ ತಿಪ್ಪೇಶಪ್ಪ ಮೂಗು ಮುರಿದ.

“ಅದನ್ನ ಇಮಾನ ಅಂತಾರೇನ್ರೀ? ನಿಜವಾದ್ದು ಹೆಂಗಿರತೈತೆ ಅಂತ ನಾನು ಮಾಡಿ ತೋರಿಸ್ತೀನಿ.”

ಮಾಡಿಯೂ ಬಿಟ್ಟ. ಕಮ್ಮಾರಸಾಲೆಯಲ್ಲಿ ಮೂಲೆ ಸೇರಿದ್ದ ಎರಡು ಚರ್ಮದ ತಿದಿಗಳನ್ನು ತಂದು ಹೊಲಿದ. ಸೈಕಲ್ ಶಾಪಿನ ಪಕ್ಕದಲ್ಲಿ ಅವುಗಳ ಮೇಲೆ ಹಲಗೆಯ ಡಬ್ಬಿ ಕೂರಿಸಿದ. ಡಬ್ಬಿಯೊಳಗೆ ಒಂದು ಸೀಟು, ಕಾಲ ಸಂದಿಯಲ್ಲಿ ಒಂದು ಕೋಲು. ಕೋಲನ್ನು ಮುಂದಕ್ಕೆ ತಳ್ಳಿದರೆ ಮೂತಿ ಕೆಳಗೆ, ಹಿಂದಕ್ಕೆ ಎಳೆದರೆ ಮೂತಿ ಮೇಲೆ. ಎದುರಿಗೆ ಬಣ್ಣ ಬಳಿದ ಉದ್ದನೆಯ ಬಟ್ಟೆಯ ಸುರುಳಿ. ಹಾಲಸ್ವಾಮಿ ಸೈಕಲ್ ಚೈನಿನಿಂದ ಅದನ್ನು ತಿರುಗಿಸಿದರೆ ಗುಡ್ಡ, ಗದ್ದೆ, ಸೂಳೆಕೆರೆ ಎಲ್ಲ ಕೆಳಗೆ ಸರಿದುಹೋಗುತ್ತಿದ್ದವು. ನಡುವೆ ತಂತಿಯ ಮೇಲೆ ತಗಡಿನ ವೈರಿ ವಿಮಾನ ಬರುತ್ತಿತ್ತು, ಗುರಿಯಿಟ್ಟು ಗುಂಡಿ ಒತ್ತಿದರೆ ಅದರ ಬಲ್ಬು ಹತ್ತುತ್ತಿತ್ತು. ಡಬ್ಬಿಯ ಹಿಂದೆ ಗೋಣಿತಾಟಿನ ಮರೆ. ಅಲ್ಲಿ ತಿಪ್ಪೇಶಪ್ಪ ಕಾಲಿನಿಂದ ಹಲಗೆ ತುಳಿಯುತ್ತ ತಿದಿಗೆ ಗಾಳಿ ತುಂಬುತ್ತಿದ್ದ. ಕೊನೆಗೆ ಬಟ್ಟೆಯ ಮೇಲೆ ನೆಲ ಬಂದಾಗ ಮೂತಿಯನ್ನು ನಿಧಾನ ತಗ್ಗಿಸಿ ಇಳಿಸಬೇಕು. ಮೂತಿ ಜಾಸ್ತಿ ಮೇಲೆತ್ತಿದರೋ, ನಿಜವಾದ ವಿಮಾನ ವೇಗ ಕಳಕೊಂಡು ಬೀಳುವ ಹಾಗೆ ತಿದಿಯ ಬಾಯಿ ತೆರೆದು ಗಾಳಿಯೆಲ್ಲ ಸೋರಿ, ಡಬ್ಬಿ ದಢಾರನೆ ಕೂರುತ್ತಿತ್ತು. ಕೆಂಪು ದೀಪ ಹತ್ತುತ್ತಿತ್ತು.

ಹತ್ತಿದ್ದು ಬರೀ ಕೆಂಪು ದೀಪವೇ. ಕೂತವರೆಲ್ಲ ಬಿದ್ದರು.

ಯಾಕೆ ಬೀಳುತ್ತಾರೆ ಎಂಬುದು ತಿಪ್ಪೇಶಪ್ಪನಿಗೆ ಎಷ್ಟೋ ದಿನ ಅರ್ಥವೇ ಆಗಲಿಲ್ಲ. ಮೊದಲು ಕೂತವನು ಗಾಡಿ ಹೊಡೆಯುವ ಪಾಪಣ್ಣ. ಸುತ್ತಮುತ್ತ ಅವನಷ್ಟು ನಾಜೂಕಾಗಿ ಎತ್ತು ಹೊಡೆಯುವವರಿಲ್ಲ. ಮೇಲೆ ಚೆನ್ನಾಗಿಯೇ ಹೋದ. ನೆಲ ಎದುರಿಗೆ ಬಂದದ್ದೇ ತಡ, “ಹೋ... ಹೋ...” ಎನ್ನುತ್ತ ಕೋಲನ್ನು ಎದೆಗೆ ಎಳಕೊಂಡ. ದಢಾರ್! ಅವನ ಹಿಂದೆ ಬಂದ ರೈತರೂ ಅಷ್ಟೇ. ಗಾಬರಿಯಾದರೆ ಹಗ್ಗ ಎಳೆಯುವ ಕೈಗಳು ಅವು. ಬಾಯಿ ತಾನಾಗಿ ಹೋ ಎನ್ನುತ್ತಿತ್ತು, ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು.

“ಹಗ್ಗ ಎಳೆದ್ರೆ ನಿಲ್ಲಬೇಕಲ್ರೀ,” ಎಂದು ಪಾಪಣ್ಣ ಸೊಂಟ ಹಿಡಿದುಕೊಂಡು ಇಳಿದ. “ನಿಮ್ಮ ಇಮಾನ ಯಾಕೆ ಆಕಾಶ ನೋಡತೈತೆ?”

“ಇಮಾನ ನಿಂತ್ರೆ ಬೀಳತೈತೆ ಪಾಪಣ್ಣ. ಅದು ನಿಲ್ಲಾಕಿಲ್ಲ.”

“ನಿಲ್ಲದೇ ಇರಾದನ್ನ ಹೊಡೆಯಾದು ಹೆಂಗೆ?”

ಊರಿನಲ್ಲಿ ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ಬಿದ್ದವನು ಧೂಳು ಕೊಡವಿಕೊಳ್ಳುವ ಮುಂಚೆಯೇ ಒಂದು ಅಭಿಪ್ರಾಯ ಕೊಟ್ಟು ಹೋಗುತ್ತಿದ್ದ. ವೈರಿಯನ್ನು ನೋಡಲು ಹೋದರೆ ಬೀಳುತ್ತೇವೆ, ಬೀಳದ ಹಾಗೆ ನೋಡಿಕೊಂಡರೆ ವೈರಿ ಹೋಗಿಬಿಡುತ್ತಾನೆ, ಎರಡನ್ನೂ ಒಬ್ಬನೇ ಮಾಡೋದು ಅನ್ಯಾಯ ಎಂದ ಒಬ್ಬ. ವೈರಿಗೆ ಮೀಸೆ ಬರೆಯಿರಿ, ಸಿಟ್ಟು ಬರುತ್ತದೆ ಎಂದ ಇನ್ನೊಬ್ಬ. ಸ್ಕೂಲಿನ ಪಂಚಾಕ್ಷರಪ್ಪ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಕೂತು, ಅವರೂ ಬಿದ್ದು, ಕನ್ನಡಕ ಹುಡುಕಿಕೊಂಡು ಎದ್ದು, “ಅಲ್ಲ ಪೈಲಟ್ರೇ, ವೈರಿಗೆ ನಮ್ಮ ಸೂಳೆಕೆರೆ ಮೇಲೆ ಏನು ಕೆಲಸ?” ಎಂದು ಕೇಳಿದರು.

ಹಾಲಸ್ವಾಮಿಯ ಮಾತು ಮಾತ್ರ ನೇರ. “ಜನ ಗೆಲ್ಲಾಕೆ ಬರ್ತಾರೆ ಕಣ್ರೀ. ಒಂಚೂರು ಸಡಿಲ ಮಾಡ್ರಿ.”

ತಿಪ್ಪೇಶಪ್ಪ ತಲೆ ಕೆಡಿಸಿಕೊಂಡು, ಒಂದು ವಾರ ಹಿಂದೆಮುಂದೆ ನೋಡಿ, ಕೊನೆಗೆ ತಿದಿಯ ಬಾಯಿಗೆ ಬಿಗಿಯಾದ ಸ್ಪ್ರಿಂಗ್ ಹಾಕಿದ. ಈಗ ಏನು ಮಾಡಿದರೂ ಗಾಳಿ ಸೋರದು. ಎಲ್ಲರೂ ಬೀಳದೆ ಇಳಿದರು. ಇಳಿದವರು ಸುಮ್ಮನೆ ಹೋದರೇ? ‘ಇದೇನ್ರೀ, ಕೂಸಿನ ತೊಟ್ಟಿಲು ಇದ್ದಂಗೆ ಐತೆ’ ಎಂದರು. ಪಾಪಣ್ಣನಂತೂ ಗೆದ್ದಮೇಲೆ ಇನ್ನೂ ಮುನಿಸಿಕೊಂಡ. ‘ಮೊದಲಿಂದು ನಿಜವಾದ್ದು, ನನ್ನನ್ನ ಬೀಳಿಸಿತ್ತು’ ಎಂದು ಊರೆಲ್ಲ ಹೇಳಿಕೊಂಡು ಬಂದ. ತಿಪ್ಪೇಶಪ್ಪ ಸ್ಪ್ರಿಂಗ್ ಕಿತ್ತೆಸೆದ. ಜನ ಮತ್ತೆ ಬೀಳತೊಡಗಿದರು, ಮತ್ತೆ ಬೈಯತೊಡಗಿದರು. ಈ ಜನಕ್ಕೆ ಬೇಕಾಗಿರುವುದು ಬೀಳುವುದೋ ಇಳಿಯುವುದೋ ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

“ಇಷ್ಟು ನಿಜ ಯಾರಿಗೆ ಬೇಕಾಗಿತ್ತು?” ಎಂದಳು ಓಬವ್ವ, ರೊಟ್ಟಿ ತಟ್ಟುತ್ತ. “ಹೆಸರಿನಾಗೆ ಸುಳ್ಳು ಇಟ್ಕಂಡು ಡಬ್ಬಿಯಾಗೆ ನಿಜ ಹುಡುಕ್ತೀರಲ್ಲ.”

ಅವನು ತಲೆ ತಗ್ಗಿಸಿ ರೊಟ್ಟಿ ಮುರಿದ. ಅವಳು ಹೇಳಿದ್ದು ನಿಜವೆಂದೇ ಅವನಿಗೆ ನೋವಾಯಿತು. ಒಬ್ಬರಾದರೂ, ಒಬ್ಬರೇ ಒಬ್ಬರು, ಯಾರ ಸಹಾಯವೂ ಇಲ್ಲದೆ ಇಳಿಸಿದರೆ ಸಾಕು ಎಂದು ಅವನ ಆಸೆ. ತಾನು ಹಾರಲಿಲ್ಲ, ಊರಿನವರೊಬ್ಬರಾದರೂ ಹಾರಿ ಇಳಿಯಲಿ.

ಒಂದು ಮಧ್ಯಾಹ್ನ ಪಕ್ಕದ ಹಳ್ಳಿಯ ಉಡಚಮ್ಮ ಬಂದಳು. ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ಮಗನನ್ನು ಓದಿಸಿದ ಹೆಂಗಸು. ಮಗ ಚಿಕ್ಕಹನುಮಂತಪ್ಪ ವಾಯುಸೇನೆ ಸೇರಿ, ಈಗ ಹಿಮದ ಗುಡ್ಡಗಳ ಸೈನಿಕರಿಗೆ ಅಕ್ಕಿ ಬೇಳೆ ಹೊತ್ತೊಯ್ಯುವ ವಿಮಾನದಲ್ಲಿ ಹಾರುವ ಕೆಲಸಕ್ಕೆ ಆಯ್ಕೆಯಾಗಿದ್ದ. ರಜೆ ಮುಗಿದಿತ್ತು, ಮರುದಿನ ಬೆಳಿಗ್ಗೆ ಬಸ್ಸು. ಅವನ ಟ್ರಂಕಿನ ಬೀಗದ ಕೀಲಿಕೈ ಮಾತ್ರ ಉಡಚಮ್ಮನ ಸೊಂಟದಲ್ಲಿತ್ತು.

“ಪೈಲಟ್ರೇ, ನಿಮ್ಮ ಡಬ್ಬಿಯಾಗೆ ಕುಂತೋರೆಲ್ಲ ಬಿದ್ದಾರಂತಲ್ಲ. ಹೌದೇನ್ರೀ?”

“ಹೌದಮ್ಮ.”

“ಸ್ಪ್ರಿಂಗ್ ಇಲ್ದೆ ಒಬ್ರೂ ಇಳಿದಿಲ್ಲಂತೆ?”

“ಇಲ್ಲ.”

“ನಿಜವಾದ ಇಮಾನ ಹೆಂಗೈತೋ ಹಂಗೇ ಮಾಡೀರಂತೆ?”

ಇಷ್ಟು ದಿನ ತಿಪ್ಪೇಶಪ್ಪ ಎದೆಯುಬ್ಬಿಸಿ ಹೇಳಿಕೊಂಡ ಮಾತೇ ಅದು. ಹೌದೆಂದರೆ ಈ ತಾಯಿ ಹೆದರುತ್ತಾಳೆ, ಅಲ್ಲವೆಂದರೆ ಇಡೀ ಡಬ್ಬಿಯೇ ಸುಳ್ಳಾಗುತ್ತದೆ. “ಇವರೆಲ್ಲ ಕಲಿಯದೋರಮ್ಮ, ನಿಮ್ಮ ಮಗ ಕಲ್ತೋನು,” ಎಂದ.

“ಪಾಪಣ್ಣ ಗಾಡಿ ಹೊಡೆಯಾದು ಕಲ್ತಿಲ್ಲೇನ್ರೀ? ಅವನೇ ಬಿದ್ದ,” ಎಂದಳು ಉಡಚಮ್ಮ. ಆಮೇಲೆ ಚಪ್ಪಲಿ ಬಿಟ್ಟು ಡಬ್ಬಿಗೆ ಕೈಮುಗಿದಳು. “ನಾನೇ ಕುಂತು ನೋಡ್ತೀನಿ. ಬಿದ್ರೆ ಕೀಲಿಕೈ ಕೊಡಾದಿಲ್ಲ. ಅವನು ನನ್ನ ಕೂಡ ನಾಟಿಗೇ ಬರ್ಲಿ.”

ಬೇಡವೆಂದರೂ ಕೇಳಲಿಲ್ಲ. ಸುದ್ದಿ ಹಬ್ಬಿ ಬಸ್ ಕಾಯುತ್ತಿದ್ದವರೆಲ್ಲ ಸೇರಿದರು. ತಿಪ್ಪೇಶಪ್ಪ ಗೋಣಿತಾಟಿನ ಹಿಂದೆ ಹೋಗಿ ಹಲಗೆ ತುಳಿಯತೊಡಗಿದ. ಸ್ಪ್ರಿಂಗನ್ನು ಮತ್ತೆ ಹಾಕಿಬಿಡಲೇ ಎಂದುಕೊಂಡ, ಅದನ್ನು ಎಸೆದದ್ದೆಲ್ಲಿ ಎಂಬುದೇ ನೆನಪಾಗಲಿಲ್ಲ.

ಡಬ್ಬಿ ಎದ್ದಿತು. ತಾಟಿನ ಸಂದಿಯಿಂದ ನೋಡಿದರೆ ಉಡಚಮ್ಮ ಕೋಲನ್ನು ಮುಷ್ಟಿಯಲ್ಲಿ ಹಿಡಿದೇ ಇರಲಿಲ್ಲ. ನಾಟಿಯ ಸಸಿ ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿದಿದ್ದಳು. ಜನ್ಮದಲ್ಲಿ ಎತ್ತಿನ ಹಗ್ಗ ಹಿಡಿದವಳಲ್ಲ, ಎಳೆಯುವ ಚಾಳಿಯೇ ಆ ಕೈಗಿಲ್ಲ. ಡಬ್ಬಿ ಹಿಂದೆಂದೂ ಹೋಗದ ಹಾಗೆ ಹೋಯಿತು. ಗುಡ್ಡ ಸರಿಯಿತು, ಕೆರೆ ಸರಿಯಿತು. ತಂತಿಯ ಮೇಲೆ ವೈರಿ ಬಂದ.

“ಗುಂಡಿ ಒತ್ತಮ್ಮ, ಹೊಡಿ!” ಎಂದು ಹಾಲಸ್ವಾಮಿ ಕೂಗಿದ.

“ಅದು ಅದರ ಪಾಡಿಗೆ ಹೋಗ್ಲಿ ಬಿಡ್ರಿ, ನನಗ್ಯಾಕೆ,” ಎಂದಳು.

ನೆಲ ಬಂತು. ಮೂತಿ ಮೆಲ್ಲಗೆ ತಗ್ಗಿತು. ಅಷ್ಟರಲ್ಲಿ ಡಬ್ಬಿ ಒಮ್ಮೆ ಅದುರಿತು. ಅವಳ ಕೈ ಅದುರಿತೋ, ಇವನ ಕಾಲು ತಪ್ಪಿತೋ, ಇವತ್ತಿಗೂ ಹೇಳುವಂತಿಲ್ಲ. ತಿಪ್ಪೇಶಪ್ಪ ತುಳಿಯುವುದನ್ನು ಬಿಟ್ಟು ಡಬ್ಬಿಯ ಕೆಳಗೆ ನುಗ್ಗಿ ಹೆಗಲು ಕೊಟ್ಟ. ತುಳಿಯುವುದು ನಿಂತರೆ ಗಾಳಿ ಎಲ್ಲಿಂದ ಬರಬೇಕು? ತಿದಿ ಉಸ್ಸೆಂದು ಕುಸಿದು ಡಬ್ಬಿ, ಸೀಟು, ಉಡಚಮ್ಮ ಎಲ್ಲದರ ಭಾರ ಅವನ ಬೆನ್ನಿನ ಮೇಲೆ ಬಂತು. ಹಲ್ಲು ಕಚ್ಚಿಕೊಂಡು, ಮೊಣಕಾಲೂರಿ, ಸ್ವಲ್ಪ ಸ್ವಲ್ಪವೇ ತಗ್ಗಿದ. ಡಬ್ಬಿ ಸದ್ದಿಲ್ಲದೆ ನೆಲ ಮುಟ್ಟಿತು. ಕೆಂಪು ದೀಪ ಹತ್ತಲಿಲ್ಲ.

“ಇಳಿಸಿದ್ಲು! ಉಡಚಮ್ಮ ಇಳಿಸಿದ್ಲು!” ಹಾಲಸ್ವಾಮಿ ಕುಣಿದ. ಪಾಪಣ್ಣ ಇದರಲ್ಲೇನೋ ಮೋಸವಿದೆ ಎಂದ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ತಿಪ್ಪೇಶಪ್ಪ ತಾಟಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಖುಷಿಪಡಬೇಕೋ ಅಳಬೇಕೋ ಅವನಿಗೆ ಗೊತ್ತಾಗಲಿಲ್ಲ. ಹಾಗೇ ಬಿಟ್ಟಿದ್ದರೆ ಅವಳೇ ಇಳಿಸುತ್ತಿದ್ದಳೇನೋ. ಇಷ್ಟು ದಿನ ಕಾದದ್ದು ಕಣ್ಣೆದುರಿಗೆ ಆಗುತ್ತಿದ್ದಾಗ ತಾನೇ ಅಡ್ಡ ಬಂದೆನೇನೋ. ಅಥವಾ ಹೆಗಲು ಕೊಡದಿದ್ದರೆ ಬಿದ್ದೇ ಬಿಡುತ್ತಿದ್ದಳೋ. ಯಾರನ್ನು ಕೇಳುವುದು?

ತಾಟು ಸರಿಸಿ ಉಡಚಮ್ಮ ಒಳಗೆ ಬಂದಳು. ಅವನ ಅಂಗಿಯ ಹೆಗಲ ಮೇಲೆ ಹಲಗೆಯ ಗುರುತು, ಮೊಣಕಾಲಲ್ಲಿ ಮಣ್ಣು. ಎರಡನ್ನೂ ನೋಡಿದಳು.

“ಕೆಳಗೆ ನೀವು ಹಿಡ್ಕಂಡಿದ್ರಿ. ಉಸಿರು ಕೇಳಿಸ್ತು.”

ಅಲ್ಲವೆನ್ನಬಹುದಿತ್ತು. ಊರವರ ಮುಂದೆ ಇಷ್ಟು ವರ್ಷ ಅಲ್ಲ ಎನ್ನಲಾಗದೆ ಸೋತಿದ್ದ ನಾಲಿಗೆ ಅದು, ಇವಳ ಮುಂದೆಯೂ ಸೋತಿತು. “ಹೌದಮ್ಮ. ಹಿಡ್ಕಂಡಿದ್ದೆ,” ಎಂದ. ಇನ್ನು ಕೀಲಿಕೈ ಸಿಗುವುದಿಲ್ಲ, ಆ ಹುಡುಗನ ಬಾಳು ನನ್ನಿಂದ ಕೆಟ್ಟಿತು ಎಂದುಕೊಂಡ.

“ಅಲ್ಲೂ ಹಿಂಗೆ ಹಿಡ್ಕಣೋರು ಇರ್ತಾರೇನ್ರೀ?”

ಅವನು ತಲೆಯೆತ್ತಿದ. ಸೀಟಿಗೆ ಬಿಗಿದು ಕಟ್ಟಿ ಕಳಿಸಿದ ಮುಖಗಳು ಕಣ್ಣ ಮುಂದೆ ಬಂದವು. ಎಂಜಿನ್ನಿನ ಬಿಸಿ, ಎಣ್ಣೆಯ ಕೈ, ಆಕಾಶ ನೋಡಿ ನೋಡಿ ಸೆಡೆತುಹೋದ ಕತ್ತು.

“ಇರ್ತಾರಮ್ಮ. ಒಬ್ಬನು ಮೇಲೆ ಹೋಗಬೇಕಂದ್ರೆ ಕೆಳಗೆ ಸುಮಾರು ಜನ ಇರ್ತಾರೆ. ನಾನು ಅಲ್ಲಿ ಮಾಡಿದ್ದು ಅದನ್ನೇ. ನಾನು ಪೈಲಟ್ ಅಲ್ಲ. ಒಂದಿನಾನೂ ಇಮಾನ ಹಾರಿಸಿಲ್ಲ.”

ಹೇಳಿ ಮುಗಿಸಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಉಡಚಮ್ಮನಿಗೆ ಆಗಲಿಲ್ಲ. ಸೊಂಟದಿಂದ ಕೀಲಿಕೈ ತೆಗೆದು ಅಂಗೈಯಲ್ಲಿ ನೋಡಿಕೊಂಡಳು.

“ಹಂಗಾದ್ರೆ ಹೋಗ್ಲಿ ಬಿಡ್ರಿ. ಕೆಳಗಿರೋರ ಹೆಸರು ಕೇಳಿ ಇಟ್ಕಳಪ್ಪಾ ಅಂತ ಹೇಳಿ ಕಳಿಸ್ತೀನಿ,” ಎಂದು ಹೊರಟವಳು ತಾಟಿನ ಹತ್ತಿರ ನಿಂತು ತಿರುಗಿದಳು.

“ನಿಮ್ಮ ಹೆಸರೇನ್ರೀ?”

ಬಸ್ಸಿಳಿದ ದಿನದಿಂದ ಈ ಊರಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

“ತಿಪ್ಪೇಶಪ್ಪ,” ಎಂದ.